ಅಳತೆಯ ಸೊನ್ನೆ ಎಲ್ಲಿಂದ ಶುರುವಾಗುತ್ತದೆ: ಕಿರುನಾದಲ್ಲಿ ಕಲಿತ ಪಾಠ

ಭೂಗತ ಗಣಿಗಳ ಸುತ್ತಲಿನ ನೆಲ ಎಷ್ಟು ಜರುಗುತ್ತಿದೆ, ಎಷ್ಟು ಕುಸಿಯುತ್ತಿದೆ ಎಂಬುದನ್ನು ಅಳೆದು ವರದಿ ಬರೆಯುವುದು ನನ್ನ ಕೆಲಸ. ಇಂಥ ವರದಿಗಳಲ್ಲಿ ಊರಿನ ಇತಿಹಾಸಕ್ಕೆ ಸಾಮಾನ್ಯವಾಗಿ ಮೊದಲ ಪುಟದಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ಸ್ವೀಡನ್ನಿನ ಉತ್ತರದಲ್ಲಿ, ಆರ್ಕ್‌ಟಿಕ್ ವೃತ್ತದಿಂದಲೂ ಮೇಲಿರುವ ಕಿರುನಾ ಎಂಬ ಕಬ್ಬಿಣದ ಗಣಿಯ ಪಟ್ಟಣಕ್ಕೆ ಕೆಲಸದ ನಿಮಿತ್ತ ಹೋಗಿಬಂದ ಮೇಲೆ, ಆ ನಾಲ್ಕು ಸಾಲುಗಳು ತಿಳಿಯದೆ ಉಳಿದ ಅಂಕಿಗಳು ಅರ್ಥವಾಗುವುದಿಲ್ಲ ಎಂಬುದು ನನಗೆ ಮನದಟ್ಟಾಯಿತು.

ಅಲ್ಲಿನ ಗಣಿಯೊಳಗೆ ಅದಿರನ್ನು ಸಾಗಿಸುವ ಮುಖ್ಯ ಹಂತಕ್ಕೆ 1365 ಎಂದು ಹೆಸರು. ಅದು ಮೀಟರುಗಳಲ್ಲಿ ಹೇಳಿದ ಆಳ. ಆದರೆ ಆ ಆಳವನ್ನು ಇಂದಿನ ನೆಲಮಟ್ಟದಿಂದ ಎಣಿಸುವುದಿಲ್ಲ. ಒಂದು ಕಾಲದಲ್ಲಿ ಅಲ್ಲಿದ್ದ ಕೀರುನವಾರ ಬೆಟ್ಟದ ಮೂಲ ಶಿಖರದಿಂದ ಎಣಿಸುತ್ತಾರೆ. ಆ ಶಿಖರ ಈಗಿಲ್ಲ. ಮೊದಲು ಬೆಟ್ಟದ ನೆತ್ತಿಯಿಂದ ಅದಿರು ತೆಗೆದರು, ಆಮೇಲೆ ತೆರೆದ ಗುಂಡಿಯಿಂದ ತೆಗೆದರು, 1960ರ ದಶಕದಲ್ಲಿ ಪೂರ್ತಿಯಾಗಿ ನೆಲದಡಿಗೆ ಇಳಿದರು. ಬೆಟ್ಟ ಕರಗಿಹೋದರೂ ಅದರ ತುದಿ ಅಳತೆಯ ಸೊನ್ನೆಯಾಗಿ ಉಳಿದಿದೆ. ಇದನ್ನು ತಿಳಿಯದವನು ಹಳೆಯ ನಕ್ಷೆಯ ಆಳವನ್ನು ಇಂದಿನ ಸರ್ವೆಯ ಜೊತೆ ಹೋಲಿಸಿದರೆ ನೂರಾರು ಮೀಟರು ತಪ್ಪಿದರೂ ಆಶ್ಚರ್ಯವಿಲ್ಲ.

ಅಲ್ಲಿ ಅದಿರಿದೆ ಎಂಬುದು 17ನೇ ಶತಮಾನದ ಕೊನೆಯಿಂದಲೇ ಗೊತ್ತಿತ್ತು. ಆದರೆ ಅದರಲ್ಲಿ ರಂಜಕದ ಅಂಶ ಹೆಚ್ಚಾಗಿದ್ದುದರಿಂದ ಅದರಿಂದ ಒಳ್ಳೆಯ ಉಕ್ಕು ಆಗುತ್ತಿರಲಿಲ್ಲ. ಇಂಗ್ಲೆಂಡಿನ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ 1870ರ ದಶಕದ ಕೊನೆಯಲ್ಲಿ ರಂಜಕವನ್ನು ಬೇರ್ಪಡಿಸುವ ವಿಧಾನವನ್ನು ಕಂಡುಹಿಡಿದ ಮೇಲೆಯೇ ಆ ಬೆಟ್ಟಕ್ಕೆ ಬೆಲೆ ಬಂದಿತು. 1890ರಲ್ಲಿ, ಈ ಗಣಿಯನ್ನು ನಡೆಸುವ ಎಲ್‌ಕೆಎಬಿ ಕಂಪನಿ ಹುಟ್ಟಿತು. ನಾರ್ವೆಯ ನಾರ್ವಿಕ್ ಬಂದರಿಗೆ ಹೋಗುವ ರೈಲುಮಾರ್ಗ 1903ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಈ ಎರಡರ ನಡುವೆ ಪಟ್ಟಣ ತಲೆಯೆತ್ತಿತು. ಕಿರುನಾದಲ್ಲಿ ಕಂಪನಿಯ ಮೊದಲ ವ್ಯವಸ್ಥಾಪಕ, ಭೂವಿಜ್ಞಾನಿ ಹ್ಯಾಲ್ಮರ್ ಲುಂಡ್‌ಬೂಮ್ ಬೇರೆ ಗಣಿ ಊರುಗಳ ಕೊಳಕು ಗುಡಿಸಲುಗಳನ್ನು ಕಂಡಿದ್ದರು. ತಮ್ಮ ಊರು ಹಾಗಾಗಬಾರದೆಂದು ಅವರು ನಗರ ಯೋಜಕ ಪೆರ್ ಊಲೊಫ್ ಹಾಲ್‌ಮನ್ ಅವರಿಂದ ವಿನ್ಯಾಸ ಮಾಡಿಸಿದರು. ಚಳಿಗಾಲದಲ್ಲಿ ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಮಡುಗಟ್ಟುವುದರಿಂದ ಇಳಿಜಾರಿನ ಮೇಲೆ ತುಸು ಬೆಚ್ಚಗಿರುತ್ತದೆಂದು ಊರನ್ನು ಅಲ್ಲಿ ಕಟ್ಟಿದರು. ಗಾಳಿ ನೇರವಾಗಿ ನುಗ್ಗದಂತೆ ಬೀದಿಗಳನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಬಾಗಿಸಿದರು. ಅಂದಿನ ತಿಳಿವಳಿಕೆಯ ಮಟ್ಟಿಗೆ ಇದು ಬಹಳ ಕಾಳಜಿಯಿಂದ ಮಾಡಿದ ಕೆಲಸ ಎಂದು ನಾನು ನಂಬುತ್ತೇನೆ.

ಆದರೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಆ ಅದಿರಿನ ಹಾಸು ನೆಟ್ಟಗೆ ಇಳಿಯುವುದಿಲ್ಲ. ಸುಮಾರು 60 ಡಿಗ್ರಿಯ ಓರೆಯಲ್ಲಿ ಪೂರ್ವಕ್ಕೆ, ಅಂದರೆ ಪಟ್ಟಣದ ಕಡೆಗೇ ವಾಲಿಕೊಂಡು ಇಳಿಯುತ್ತದೆ. ಜೊತೆಗೆ ಅಲ್ಲಿ ಬಳಸುವ ಸಬ್‌ಲೆವೆಲ್ ಕೇವಿಂಗ್ ವಿಧಾನದಲ್ಲಿ ಅದಿರನ್ನು ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಸಿಡಿಸಿ ತೆಗೆದ ಮೇಲೆ ಉಳಿಯುವ ಟೊಳ್ಳಿಗೆ ಮೇಲ್ಬದಿಯ ಬಂಡೆ, ಗಣಿಯವರು ಹ್ಯಾಂಗಿಂಗ್ ವಾಲ್ ಎನ್ನುವುದು, ತಾನಾಗಿ ಕುಸಿದು ತುಂಬಿಕೊಳ್ಳಲೆಂದೇ ಬಿಡುತ್ತಾರೆ. ಗಣಿ ಆಳಕ್ಕೆ ಹೋದಷ್ಟೂ ನೆಲದ ಬಿರುಕು ಊರಿನತ್ತ ಹಬ್ಬುತ್ತದೆ. ಹೀಗಾಗಿ 2004ರಲ್ಲಿ ಊರನ್ನೇ ಸ್ಥಳಾಂತರಿಸಬೇಕೆಂಬುದು ಬಹಿರಂಗವಾಯಿತು. 2018ರಲ್ಲಿ ಹೊಸ ಪುರಭವನ ತೆರೆಯಿತು, 2022ರ ಸೆಪ್ಟೆಂಬರಿನಲ್ಲಿ ಹೊಸ ಕೇಂದ್ರ ಉದ್ಘಾಟನೆಯಾಯಿತು. 1912ರಲ್ಲಿ ಕಟ್ಟಿದ, 672 ಟನ್ ತೂಕದ ಮರದ ಚರ್ಚನ್ನು 2025ರ ಆಗಸ್ಟಿನಲ್ಲಿ ಬಿಚ್ಚದೆ, ಇಡಿಯಾಗಿ ಎತ್ತಿ ಸುಮಾರು ಐದು ಕಿಲೋಮೀಟರ್ ದೂರಕ್ಕೆ ಸಾಗಿಸಿದರು.

ಕುಸಿತ ನಿಧಾನದ್ದು, ಲೆಕ್ಕಕ್ಕೆ ಸಿಗುವಂಥದ್ದು. ಭೂಕಂಪನ ಹಾಗಲ್ಲ. 2020ರ ಮೇ 18ರ ನಸುಕಿನಲ್ಲಿ ಗಣಿಯಿಂದಾಗಿ ಉಂಟಾದ ಕಂಪನದ ತೀವ್ರತೆ 4.9 ಎಂದು ದಾಖಲಾಯಿತು. ಯಾರಿಗೂ ಗಾಯವಾಗಲಿಲ್ಲವಾದರೂ ಗಣಿಯ ಒಂದು ಭಾಗ ಜಖಂಗೊಂಡು ಉತ್ಪಾದನೆಗೆ ಪೆಟ್ಟುಬಿದ್ದಿತು. ಕೋಲಾರ ಚಿನ್ನದ ಗಣಿಯನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ರಾಕ್ ಬರ್ಸ್ಟ್, ಅಂದರೆ ಒತ್ತಡಕ್ಕೆ ಬಂಡೆ ಹಠಾತ್ತನೆ ಸಿಡಿಯುವುದು, ಆದಾಗ ಮೇಲಿನ ಮನೆಗಳೂ ನಡುಗುತ್ತಿದ್ದವು; ನಮ್ಮ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾದದ್ದಕ್ಕೆ ಆ ಅನುಭವವೂ ಹಿನ್ನೆಲೆ. ಎರಡೂ ಕಡೆ ಗಣಿಯೇ ವಿದ್ಯುತ್ತನ್ನು ಎಳೆದು ತಂದಿತು: 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ, 1915ರಲ್ಲಿ ಪೋರ್ಯುಸ್ ಜಲವಿದ್ಯುತ್ ಕೇಂದ್ರದಿಂದ ಕಿರುನಾದ ಅದಿರು ರೈಲಿಗೆ. ವ್ಯತ್ಯಾಸ ಮುಂದಿನದು. ಕಿರುನಾದಲ್ಲಿ ಮನೆ ಕಳೆದುಕೊಳ್ಳುವವರಿಗೆ ಮಾರುಕಟ್ಟೆ ಬೆಲೆಯ ಮೇಲೆ ಶೇಕಡ 25 ಸೇರಿಸಿದ ಹಣ ಅಥವಾ ಬದಲಿ ಮನೆ ಕೊಡುವ ವ್ಯವಸ್ಥೆಯಿದೆ, ಏಕೆಂದರೆ ಅಲ್ಲಿನ ಖನಿಜ ಕಾನೂನು ಹಾನಿಯ ಹೊಣೆಯನ್ನು ಗಣಿ ಕಂಪನಿಯ ಮೇಲೆಯೇ ಹೊರಿಸುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಕಾರ್ಮಿಕ ಕುಟುಂಬಗಳಿಗೆ ಅಂಥ ಆಸರೆ ಸಿಗಲಿಲ್ಲವೆಂಬುದು ನನ್ನ ಮಟ್ಟಿಗೆ ಇಂದಿಗೂ ನೋವಿನ ಸಂಗತಿ.

ಮಾದರಿ ಊರು ಎಂಬ ಕಥೆಯೂ ಪೂರ್ತಿಯಲ್ಲ. 1969ರ ಡಿಸೆಂಬರಿನಲ್ಲಿ ಅದೇ ಕಂಪನಿಯ ಹತ್ತಿರದ ಗಣಿ ಊರು ಸ್ವಪ್ಪವಾರದಲ್ಲಿ ಹೊತ್ತಿದ ಮುಷ್ಕರ ಕಿರುನಾಕ್ಕೂ ಹಬ್ಬಿ, ಸಾವಿರಾರು ಗಣಿ ಕಾರ್ಮಿಕರು ತಮ್ಮ ಸಂಘದ ಅನುಮತಿಯನ್ನೂ ಕಾಯದೆ ಮುಂದಿನ ವರ್ಷದವರೆಗೆ ಕೆಲಸ ನಿಲ್ಲಿಸಿದರು. ಆಗ ಆ ಕಂಪನಿ ಸರ್ಕಾರದ್ದೇ ಆಗಿತ್ತು. ಎಲ್ಲಕ್ಕೂ ಮೊದಲು ಆ ನೆಲ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳು ಓಡಾಡುತ್ತಿದ್ದ ನೆಲ. ಗಾಬ್ನಾ, ಲೇವಾಸ್ ಎಂಬ ಸಾಮಿ ಸಮುದಾಯಗಳ ಹಿಂಡುಗಳು ಬೆಟ್ಟದ ಹುಲ್ಲುಗಾವಲಿಗೂ ಚಳಿಗಾಲದ ಕಾಡಿಗೂ ನಡುವೆ ಹೋಗಿಬರುವ ದಾರಿಗಳು ಗಣಿ, ರೈಲು, ರಸ್ತೆ, ಪಟ್ಟಣಗಳ ನಡುವೆ ಕಿರಿದಾಗುತ್ತಲೇ ಬಂದಿವೆ. ನೆಲದ ಚಲನೆಯ ನಕ್ಷೆಯಲ್ಲಿ ಕಟ್ಟಡಗಳಿಗೆ ಬಣ್ಣ ಹಚ್ಚುತ್ತೇವೆ. ಈ ದಾರಿಗಳಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಈಗ ಯಾವುದೇ ಗಣಿ ಊರಿನ ವರದಿಗೆ ಕೈಹಚ್ಚುವ ಮೊದಲು ನಾನು ಆ ಊರಿನ ಮೊದಲ ನಕ್ಷೆಯನ್ನು ಕೇಳುತ್ತೇನೆ, ಆಳದ ಅಂಕಿಗಳ ಸೊನ್ನೆ ಎಲ್ಲಿದೆಯೆಂದು ವಿಚಾರಿಸುತ್ತೇನೆ, ಊರು ಅಲ್ಲೇ ಏಕೆ ನಿಂತಿತು ಮತ್ತು ಅದಕ್ಕೂ ಮೊದಲು ಆ ನೆಲವನ್ನು ಯಾರು ಬಳಸುತ್ತಿದ್ದರು ಎಂಬುದನ್ನು ಬರೆದಿಡುತ್ತೇನೆ. ಕಿರುನಾದ ಮಟ್ಟಿಗೆ ಈ ಕೊನೆಯ ಪ್ರಶ್ನೆ ಹಳೆಯದಾಗಿಲ್ಲ. 2023ರ ಜನವರಿಯಲ್ಲಿ ಪಟ್ಟಣದ ಉತ್ತರಕ್ಕೆ ಪೆರ್ ಗೆಯರ್ ಎಂಬಲ್ಲಿ ಹತ್ತು ಲಕ್ಷ ಟನ್ನಿಗೂ ಹೆಚ್ಚು ವಿರಳ ಭೂಧಾತುಗಳ ಆಕ್ಸೈಡ್ ಇದೆಯೆಂದು ಕಂಪನಿ ಪ್ರಕಟಿಸಿತು, ಮತ್ತು ಅಲ್ಲಿ ಗಣಿ ತೆರೆದರೆ ತಮ್ಮ ಹಿಂಡುಗಳಿಗೆ ಉಳಿದಿರುವ ದಾರಿಯೂ ಕಡಿದುಹೋಗುತ್ತದೆಂದು ಗಾಬ್ನಾದ ಸಾಮಿ ಜನರು ವಿರೋಧಿಸುತ್ತಿದ್ದಾರೆ.