ಕನ್ನಡ ಮೀಡಿಯಂನವರು ಇಂಗ್ಲಿಷ್ ವಾಕ್ಯ ತಿದ್ದಬಹುದಾ?

ಎಂಬಿಎ ಪ್ರವೇಶ ಪರೀಕ್ಷೆಗೆ ಓದುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಸರ್, ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಸೆಂಟೆನ್ಸ್ ಕರೆಕ್ಷನ್‌ನಲ್ಲಿ, ಅಂದರೆ ಕೊಟ್ಟ ಇಂಗ್ಲಿಷ್ ವಾಕ್ಯದ ಸರಿಯಾದ ರೂಪ ಆರಿಸುವ ಪ್ರಶ್ನೆಯಲ್ಲಿ, ನನಗೆ ಎಲ್ಲಾ ಆಯ್ಕೆಗಳೂ ಸರಿ ಅನ್ನಿಸುತ್ತವೆ. ಕಾನ್ವೆಂಟಿನವರಿಗೆ ಓದಿದ ಕೂಡಲೇ ಗೊತ್ತಾಗಿಬಿಡುತ್ತೆ. ನಮ್ಮ ಕೈಲಿ ಆಗುತ್ತಾ?"

ಆಗುತ್ತೆ. ಸುಮ್ನೆ ಧೈರ್ಯ ತುಂಬಲು ಹೇಳುತ್ತಿಲ್ಲ, ಕಾರಣ ಇದೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಜಿಮ್ಯಾಟ್ ಅನ್ನುವ ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಈಗ ಈ ಬಗೆಯ ಪ್ರಶ್ನೆ ಇಲ್ಲ. 2023ರ ನವೆಂಬರ್‌ನಲ್ಲಿ ಹೊಸ ಮಾದರಿ ಬಂತು, 2024ರ ಫೆಬ್ರವರಿಯಿಂದ ಅದೊಂದೇ ಉಳಿಯಿತು. ಹಳೆಯ ಜಿಮ್ಯಾಟ್‌ನ ವರ್ಬಲ್ (ಭಾಷಾ) ಭಾಗದಲ್ಲಿದ್ದ 36 ಪ್ರಶ್ನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ ಆಗಿತ್ತು. ಕ್ಯಾಟ್‌ನಲ್ಲೂ ಈಗ ವ್ಯಾಕರಣವನ್ನು ನೇರವಾಗಿ ಕೇಳುವುದಿಲ್ಲ. ಆದರೆ ಎನ್‌ಮ್ಯಾಟ್, ಸ್ನ್ಯಾಪ್, ಸಿಮ್ಯಾಟ್ ಬರೆಯುವವರಿಗೆ ವಾಕ್ಯದ ತಪ್ಪು ಹುಡುಕುವ ಕೆಲಸ ತಪ್ಪಿದ್ದಲ್ಲ. ಅಭ್ಯಾಸಕ್ಕೆ ಹಳೆಯ ಜಿಮ್ಯಾಟ್ ಪ್ರಶ್ನೆಗಳೇ ಚೆನ್ನ ಅಂತ ನನ್ನ ಅಭಿಪ್ರಾಯ. ಅಷ್ಟು ಎಚ್ಚರದಿಂದ ಹೆಣೆದ ವಾಕ್ಯಗಳು ಬೇರೆ ಕಡೆ ಸಿಗುವುದು ಕಡಿಮೆ.

ಈಗ ಕಿವಿಯ ವಿಷಯ, ಅಂದರೆ ನಿಯಮ ನೋಡದೆ ಕಿವಿಗೆ ಹೇಗೆ ಕೇಳಿಸುತ್ತದೆ ಅನ್ನುವುದರ ಮೇಲೆ ಸರಿ-ತಪ್ಪು ಹೇಳುವುದು. "ಕೇಳಿದ ಕೂಡಲೇ ಗೊತ್ತಾಗುವುದು" ದೊಡ್ಡ ವರ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಚಿಕ್ಕ ವಾಕ್ಯದಲ್ಲಿ ಅದು ನಿಜ. ಆದರೆ ಪ್ರಶ್ನೆ ತಯಾರಿಸುವವರಿಗೂ ಇದು ಗೊತ್ತು. ಹಾಗಾಗಿ ಕಿವಿಗೆ ಇಂಪಾಗುವ ಹಾಗೆ ತಪ್ಪನ್ನು ಕಟ್ಟುತ್ತಾರೆ. ಈ ವಾಕ್ಯ ನೋಡಿ: "ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ಸೋಲ್ಡ್ ಇನ್ ದೀಸ್ ಶಾಪ್ಸ್ ಹ್ಯಾವ್ ಇಂಪ್ರೂವ್ಡ್." ಶಾಪ್ಸ್ ಆದ ಮೇಲೆ ಹ್ಯಾವ್ ಬಂದರೆ ಕಿವಿಗೆ ಏನೂ ಚುಚ್ಚುವುದಿಲ್ಲ. ಆದರೆ ಸುಧಾರಿಸಿದ್ದು ಯಾವುದು? ಅಂಗಡಿಯಲ್ಲ, ಮಾವಿನಹಣ್ಣೂ ಅಲ್ಲ, ಗುಣಮಟ್ಟ. ಅದು ಒಂದೇ. ಹಾಗಾಗಿ ಹ್ಯಾಸ್ ಬರಬೇಕು. ಇಲ್ಲಿ ಕಿವಿಯನ್ನು ನಂಬಿದವರು ಎಡವುತ್ತಾರೆ. "ಕರ್ತೃ ಯಾವುದು, ಕ್ರಿಯಾಪದ ಯಾವುದು" ಅಂತ ಹುಡುಕಿದವರು ಪಾಸಾಗುತ್ತಾರೆ.

ಕರ್ತೃ, ಕರ್ಮ, ಕ್ರಿಯಾಪದ ಹುಡುಕುವುದನ್ನು ನಿಮಗೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿಯೇ ಇದ್ದಾರೆ, ಅಲ್ವಾ? ಹುಡುಗ ಬಂದನು, ಹುಡುಗಿ ಬಂದಳು, ಹುಡುಗರು ಬಂದರು. ಕರ್ತೃ ಬದಲಾದರೆ ಕ್ರಿಯಾಪದ ಬದಲಾಗಬೇಕು ಅನ್ನುವುದು ನಮಗೆ ಹೊಸದೇನಲ್ಲ. ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಜಾಸ್ತಿ ಕಟ್ಟುನಿಟ್ಟು.

ಇನ್ನೂ ಒಂದು ಕಡೆ ಕನ್ನಡ ನೇರವಾಗಿ ಸಹಾಯಕ್ಕೆ ಬರುತ್ತದೆ. "ವಾಕಿಂಗ್ ಟು ದ ಬಸ್ ಸ್ಟ್ಯಾಂಡ್, ದ ರೇನ್ ಡ್ರೆಂಚ್ಡ್ ರವಿ." ಇದು ಸರಿಯಾ? ಎಷ್ಟೋ ಜನ ಸರಿ ಅನ್ನುತ್ತಾರೆ. ಅದನ್ನೇ ಕನ್ನಡದಲ್ಲಿ ಹೇಳಿ ನೋಡಿ: "ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಮಳೆ ರವಿಯನ್ನು ನೆನೆಸಿತು." ತಕ್ಷಣ ಮುಖ ಗಂಟಿಕ್ಕುತ್ತೀರಿ. ಮಳೆ ನಡೆಯುತ್ತಿತ್ತಾ? ಕನ್ನಡದಲ್ಲಿ "ನಡೆಯುತ್ತಾ" ಅಂದರೆ ಮುಂದಿನ ಕೆಲಸ ಮಾಡುವವನೂ ಅವನೇ ಆಗಿರಬೇಕು. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಹೀಗೆ "ಇಂಗ್" ಬಂದು ಅಲ್ಪವಿರಾಮ ಬಿದ್ದರೆ ಅಲ್ಲೂ ಇದೇ ನಿಯಮ: ಅಲ್ಪವಿರಾಮದ ಆಚೆಗಿನ ಕರ್ತೃವೇ ಆ ಕೆಲಸ ಮಾಡುವವನು. ಹಾಗಾಗಿ "ರವಿ ವಾಸ್ ಡ್ರೆಂಚ್ಡ್ ಬೈ ದ ರೇನ್" ಅನ್ನುವ ಆಯ್ಕೆ ಸರಿ. "ಪ್ಯಾಸಿವ್ ವಾಯ್ಸ್ ಕಂಡರೆ ಹೊಡೆದುಹಾಕಿ" ಅಂತ ಕೆಲವು ಕಡೆ ಹೇಳಿಕೊಡುತ್ತಾರೆ. ದಯವಿಟ್ಟು ಅದನ್ನು ಮರೆತುಬಿಡಿ. ಇಲ್ಲಿ ಸರಿಯುತ್ತರವೇ ಪ್ಯಾಸಿವ್.

ಒಂದು ಎಚ್ಚರಿಕೆ ಮಾತ್ರ ಇರಲಿ. ಇಂಗ್ಲಿಷ್ ವಾಕ್ಯವನ್ನು ಹೀಗೆ ಕನ್ನಡದಲ್ಲಿ ಹೇಳಿ ನೋಡುವಾಗ "ಮಾಡುತ್ತಾ, ಓದುತ್ತಾ" ರೂಪವನ್ನೇ ಬಳಸಿ. "ಬಂದು, ಹೋಗಿ" ಬೇಡ. "ಮಳೆ ಬಂದು ಕೆರೆ ತುಂಬಿತು" ಅಂತ ನಾವು ಆರಾಮಾಗಿ ಹೇಳುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ.

ಹಾಗಂತ ಕನ್ನಡ ಎಲ್ಲಾ ಕಡೆ ಕೈ ಹಿಡಿಯುವುದಿಲ್ಲ. ಎರಡು ಜಾಗದಲ್ಲಿ ಅದೇ ನಮ್ಮನ್ನು ಬೀಳಿಸುತ್ತದೆ. "ಮನೆಯಲ್ಲಿ ನಾಲ್ಕು ಕುರ್ಚಿ ಇದೆ" ಅಂತ ಮಾತಾಡಿ ಅಭ್ಯಾಸ ನಮಗೆ. ವಸ್ತುಗಳಿಗೆ ಬಹುವಚನ ಹಚ್ಚದಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ಆದ್ದರಿಂದ ನಾಮಪದಗಳ ಕೊನೆಯನ್ನು ಎರಡು ಸಲ ನೋಡಬೇಕು.

ಕನ್ನಡ ಬೀಳಿಸುವ ಎರಡನೇ ಜಾಗ ಹೋಲಿಕೆ. "ಬೆಂಗಳೂರಿನ ಜನಸಂಖ್ಯೆ ಮೈಸೂರಿಗಿಂತ ಜಾಸ್ತಿ." ಕನ್ನಡದಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಅದನ್ನೇ "ದ ಪಾಪ್ಯುಲೇಶನ್ ಆಫ್ ಬೆಂಗಳೂರು ಈಸ್ ಲಾರ್ಜರ್ ದ್ಯಾನ್ ಮೈಸೂರು" ಅಂತ ಬರೆದರೆ ಪರೀಕ್ಷೆಯಲ್ಲಿ ತಪ್ಪು. ಜನಸಂಖ್ಯೆಯನ್ನು ಜನಸಂಖ್ಯೆಗೇ ಹೋಲಿಸಬೇಕು, ಊರಿಗಲ್ಲ. "ದ್ಯಾನ್ ದಟ್ ಆಫ್ ಮೈಸೂರು" ಬರಬೇಕು. ದ್ಯಾನ್, ಲೈಕ್, ಅನ್‌ಲೈಕ್ ಕಂಡ ಕೂಡಲೇ ನಿಂತು, ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ ಅಂತ ಕೇಳಿಕೊಳ್ಳಿ.

ನುಡಿಗಟ್ಟುಗಳಿಗೆ ಮಾತ್ರ ಅಡ್ಡದಾರಿ ಇಲ್ಲ. ರಿಗಾರ್ಡ್ ಜೊತೆ ಆ್ಯಸ್ ಬೇಕು, ಕನ್ಸಿಡರ್ ಜೊತೆ ಬೇಡ. ಬಿಟ್ವೀನ್ ಬಂದರೆ ಆ್ಯಂಡ್ ಬರಬೇಕು. ಇವನ್ನು ಬಾಯಿಪಾಠ ಮಾಡಲೇಬೇಕು.

ಆಯ್ಕೆಗಳನ್ನು ಪೂರ್ತಿ ಪೂರ್ತಿ ಓದುತ್ತಾ ಕೂರಬೇಡಿ. ಮೂಲ ವಾಕ್ಯವನ್ನು ಅರ್ಥ ಆಗುವ ಹಾಗೆ ಒಮ್ಮೆ ಓದಿ. ಆಮೇಲೆ ಆಯ್ಕೆಗಳು ಎಲ್ಲಿ ಕವಲೊಡೆಯುತ್ತವೆ ಅಂತ ಮಾತ್ರ ನೋಡಿ. ಎರಡರಲ್ಲಿ ಹ್ಯಾಸ್, ಮೂರರಲ್ಲಿ ಹ್ಯಾವ್ ಇದೆಯಾ? ಕರ್ತೃ ಹುಡುಕಿದರೆ ಒಂದೇ ಏಟಿಗೆ ಒಂದು ಗುಂಪು ಹೋಯಿತು.

ಮನೆಯಲ್ಲಿ ಅಭ್ಯಾಸ ಮಾಡುವಾಗ ತಪ್ಪಾದ ಪ್ರತಿ ಪ್ರಶ್ನೆಗೂ ಕಾರಣವನ್ನು ಕನ್ನಡದಲ್ಲೇ ಒಂದು ಸಾಲು ಬರೆದಿಡಿ. "ಸರಿ ಕೇಳಿಸಲಿಲ್ಲ" ಅನ್ನುವುದು ಕಾರಣವಲ್ಲ. "ಕರ್ತೃ ಏಕವಚನ, ಕ್ರಿಯಾಪದ ಬಹುವಚನ" ಅನ್ನುವುದು ಕಾರಣ. ಕೋಚಿಂಗ್ ನೋಟ್ಸಿನ ಇಂಗ್ಲಿಷ್ ವಿವರಣೆಯನ್ನು ಹಾಗೇ ಇಳಿಸಿಕೊಂಡರೆ ಅರ್ಥವಾದಂತೆ ಅನ್ನಿಸುತ್ತದೆ, ಮುಂದಿನ ವಾರ ಅದೇ ತಪ್ಪು ಮತ್ತೆ ಬರುತ್ತದೆ.

ಈ ಅಭ್ಯಾಸವನ್ನು ಮೊದಲು ನಿಧಾನವಾಗಿ ಮಾಡಿ, ಗಡಿಯಾರ ಆಮೇಲೆ. ಎನ್‌ಮ್ಯಾಟ್‌ನ ಭಾಷಾ ಭಾಗದಲ್ಲಿ 28 ನಿಮಿಷಕ್ಕೆ 36 ಪ್ರಶ್ನೆ, ಅಂದರೆ ಒಂದಕ್ಕೆ 47 ಸೆಕೆಂಡು ಕೂಡ ಸಿಗುವುದಿಲ್ಲ. ಅಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸ್ನ್ಯಾಪ್, ಸಿಮ್ಯಾಟ್‌ನಲ್ಲಿ ಕಡಿತ ಇದೆ. ಅಲ್ಲಿ ಕನಿಷ್ಠ ಎರಡು ಆಯ್ಕೆಗಳನ್ನು ಕಾರಣ ಕೊಟ್ಟು ತೆಗೆದುಹಾಕಲು ಸಾಧ್ಯವಾದರೆ ಮಾತ್ರ ಉತ್ತರ ಗುರುತು ಮಾಡಿ.