‘ಅಬೈಡ್ ವಿತ್ ಮಿ’ ಸಾವಿನ ಹಾಡಲ್ವಾ?

ನಮ್ಮ ಕ್ರೈಸ್ತ ಸಭೆಯ ಸಂಜೆ ಆರಾಧನೆಗೆ ಹಲವು ವರ್ಷಗಳಿಂದ ಕೀಬೋರ್ಡ್ ನುಡಿಸುತ್ತಿದ್ದೇನೆ. ಕೊನೆಯ ಹಾಡಾಗಿ ‘ಅಬೈಡ್ ವಿತ್ ಮಿ’ (ನನ್ನ ಜೊತೆ ಇರು) ಎಂಬ ಇಂಗ್ಲಿಷ್ ಭಕ್ತಿಗೀತೆ ಬಂದ ದಿನ ಯಾರಾದರೊಬ್ಬರು ಹತ್ತಿರ ಬಂದು ಕೇಳೇ ಕೇಳುತ್ತಾರೆ: “ಇದು ಮಣ್ಣು ಮಾಡುವಾಗ ಹಾಡೋದಲ್ವಾ? ಆರಾಮಾಗಿರೋರ ಮುಂದೆ ಯಾಕೆ ಹಾಡ್ತೀರಿ?” ಕ್ರೈಸ್ತರಲ್ಲದ ಸ್ನೇಹಿತರು ಇದೇ ಪ್ರಶ್ನೆಗೆ ಬೇರೆ ದಾರಿಯಿಂದ ಬರುತ್ತಾರೆ. ಗಣರಾಜ್ಯೋತ್ಸವ ಮುಗಿದು ಜನವರಿ 29ರ ಸಂಜೆ ದೆಹಲಿಯ ವಿಜಯ ಚೌಕದಲ್ಲಿ ಸೇನೆಯ ಬ್ಯಾಂಡ್ ಅದನ್ನು ನುಡಿಸುತ್ತಿದ್ದುದನ್ನು ಅವರು ಟಿ.ವಿ.ಯಲ್ಲಿ ಕೇಳಿರುತ್ತಾರೆ. “ಹಬ್ಬದ ಕೊನೆಗೆ ಅಷ್ಟು ದುಃಖದ ರಾಗ ಯಾಕಿತ್ತು?” ಎನ್ನುತ್ತಾರೆ.

ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಡಿನ ಬೇರು ಲೂಕನ ಸುವಾರ್ತೆಯ 24ನೇ ಅಧ್ಯಾಯದಲ್ಲಿದೆ. ಯೇಸುವನ್ನು ಶಿಲುಬೆಗೆ ಹಾಕಿ ಮೂರನೇ ದಿನ. ಕ್ಲೆಯೋಪ ಮತ್ತು ಇನ್ನೊಬ್ಬ ಶಿಷ್ಯ ಯೆರೂಸಲೇಮಿನಿಂದ ಏಳು ಮೈಲಿ ದೂರದ ಎಮ್ಮಾಹು ಎಂಬ ಹಳ್ಳಿಗೆ ಮುಖ ಬಾಡಿಸಿಕೊಂಡು ನಡೆದು ಹೋಗುತ್ತಿದ್ದಾರೆ. ದಾರಿಯಲ್ಲಿ ಒಬ್ಬ ಜೊತೆಯಾಗುತ್ತಾನೆ. ಅವನೇ ಯೇಸು ಎಂದು ಇವರಿಗೆ ಗುರುತು ಹತ್ತುವುದಿಲ್ಲ. ಹಳ್ಳಿ ಹತ್ತಿರ ಬಂದಾಗ ಅವನು ಇನ್ನೂ ಮುಂದಕ್ಕೆ ಹೋಗುವವನಂತೆ ಕಾಣುತ್ತಾನೆ. ಇವರು ಬಿಡುವುದಿಲ್ಲ. ಸಂಜೆಯಾಯಿತು, ಹೊತ್ತು ಇಳಿಯಿತು, ನಮ್ಮ ಜೊತೆ ಉಳಿದುಕೋ ಎಂದು ಒತ್ತಾಯ ಮಾಡುತ್ತಾರೆ. ಊಟಕ್ಕೆ ಕೂತು ಅವನು ರೊಟ್ಟಿ ಮುರಿದಾಗಲೇ ಅವರ ಕಣ್ಣು ತೆರೆಯುವುದು.

ಆ ಒತ್ತಾಯದ ಮಾತನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಜ್ಜಿಯ ಬಾಯಲ್ಲಿ ಅದನ್ನು ಎಷ್ಟು ಸಲ ಕೇಳಿದ್ದೇನೋ. ದೀಪ ಹಚ್ಚುವ ಹೊತ್ತಿಗೆ ನೆಂಟರು ಚಪ್ಪಲಿ ಹುಡುಕಲು ಶುರು ಮಾಡಿದರೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, “ಹೊತ್ತು ಮುಳುಗ್ತಲ್ಲ, ಈಗೆಲ್ಲಿಗೆ ಹೋಗ್ತೀರಿ? ಇದ್ದು ಬೆಳಿಗ್ಗೆ ಹೋಗಿ” ಎನ್ನುತ್ತಿದ್ದಳು. ಅಷ್ಟರಲ್ಲಾಗಲೇ ಒಳಗೆ ಒಂದು ಪಾವು ಅಕ್ಕಿ ಹೆಚ್ಚಿಗೆ ಬಿದ್ದಿರುತ್ತಿತ್ತು. ‘ಅಬೈಡ್ ವಿತ್ ಮಿ’ ಎಂದರೆ ನನ್ನ ಕಿವಿಗೆ ಇದೇ ಮಾತು. ಕತ್ತಲಾಗುತ್ತಿದೆ, ಹೋಗಬೇಡ, ಇಲ್ಲೇ ಇರು.

ಬರೆದವರು ಹೆನ್ರಿ ಫ್ರಾನ್ಸಿಸ್ ಲೈಟ್. 1793ರಲ್ಲಿ ಸ್ಕಾಟ್ಲೆಂಡಿನ ಎಡ್ನಮ್‌ನಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಓದಿ, ಆಮೇಲೆ ಇಂಗ್ಲೆಂಡಿನ ಡೆವನ್ ಕರಾವಳಿಯ ಬ್ರಿಕ್ಸಮ್ ಎಂಬ ಮೀನುಗಾರರ ಊರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸಭಾಪಾಲಕರಾಗಿದ್ದರು. ಶ್ವಾಸಕೋಶ ಹಾಳಾಗಿತ್ತು. 1847ರ ಸೆಪ್ಟೆಂಬರಿನಲ್ಲಿ, ಹವೆ ಬದಲಿಸಲು ದಕ್ಷಿಣಕ್ಕೆ ಹೊರಡುವ ಮುಂಚೆ, ನಿಶ್ಶಕ್ತಿಯಲ್ಲೇ ಎದ್ದು ಹೋಗಿ ಕೊನೆಯ ಸಲ ಪ್ರಸಂಗ ಮಾಡಿ, ಕರ್ತನಾದ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನವನ್ನು ತಮ್ಮ ಜನರಿಗೆ ಕೊಟ್ಟರು. ಅದೇ ಸಂಜೆ ಈ ಹಾಡನ್ನು ಹತ್ತಿರದ ಸಂಬಂಧಿಯೊಬ್ಬರ ಕೈಗಿಟ್ಟರೆಂದು ಅವರ ಮಗಳು ಬರೆದಿದ್ದಾರೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ಬರೆದದ್ದು ಎನ್ನುವವರೂ ಇದ್ದಾರೆ. ನವೆಂಬರ್ 20ರಂದು, ಮೆಡಿಟರೇನಿಯನ್ ದಡದ ನೀಸ್ ನಗರದಲ್ಲಿ, 54ನೇ ವಯಸ್ಸಿಗೆ ಲೈಟ್ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ ಇದೆ.

ಈ ಕತೆ ಕೇಳಿದವರು “ನೋಡಿ, ಸಾಯೋ ಮನುಷ್ಯ ಬರೆದದ್ದೇ” ಎನ್ನುತ್ತಾರೆ. ನಾನು ಅವರಿಗೆ ಹೇಳುವುದು: ಹಾಡಿನಲ್ಲಿ ಲೈಟ್ ಏನು ಕೇಳಿದ್ದಾರೆ ನೋಡಿ. ಉಸಿರಾಡಲು ಕಷ್ಟಪಡುತ್ತಿದ್ದ ಮನುಷ್ಯ ನನ್ನ ಕಾಯಿಲೆ ಗುಣಮಾಡು ಎಂದು ಬೇಡಿಲ್ಲ. ಇನ್ನಷ್ಟು ಆಯುಸ್ಸು ಕೊಡು ಎಂದಿಲ್ಲ. ಬೇರೆ ಆಸರೆಗಳೆಲ್ಲ ಕೈಕೊಟ್ಟಾಗ, ಸುತ್ತಲಿರುವುದೆಲ್ಲ ಬದಲಾಗಿ ಸವೆಯುತ್ತಿರುವಾಗ, ಬದಲಾಗದ ನೀನು ಜೊತೆಗಿರು ಎಂದಿದ್ದಾರೆ. ಅವರು ಬೇಡಿದ್ದು ದೇವರನ್ನೇ.

ಮೂಲದಲ್ಲಿ ಎಂಟು ಚರಣಗಳಿವೆ. ಹೆಚ್ಚಿನ ಸಂಗೀತ ಪುಸ್ತಕಗಳಲ್ಲಿ ಅಚ್ಚಾಗುವುದು ಐದೇ. ಬಿಟ್ಟುಹೋದ ಮೂರರಲ್ಲಿ ಒಂದು ಚರಣ ನನಗೆ ಇಡೀ ಹಾಡಿನ ಎದೆ ಇದ್ದಹಾಗೆ. ಅದರ ಅರ್ಥ ಹೀಗೆ: ಒಂದು ಕಣ್ಣೋಟ, ಹೋಗುತ್ತಾ ಆಡಿದ ಒಂದು ಮಾತು ನನಗೆ ಸಾಲದು. ನಿನ್ನ ಶಿಷ್ಯರ ಜೊತೆ ಹೇಗೆ ವಾಸವಾಗಿದ್ದೆಯೋ ಹಾಗೆ, ಸಲಿಗೆಯಿಂದ, ತಾಳ್ಮೆಯಿಂದ, ನಮ್ಮ ಮಟ್ಟಕ್ಕೆ ಇಳಿದು ಬಾ. ತಂಗಿ ಹೋಗಲು ಬರಬೇಡ, ಇರಲು ಬಾ.

ನೆಂಟನಾಗಿ ಬೇಡ, ಮನೆಯವನಾಗಿ ಬಾ ಎಂದ ಹಾಗಾಯಿತು. ನೆಂಟರು ಬಂದರೆ ನಾವು ಪಡಸಾಲೆ ಗುಡಿಸಿ, ಚಾಪೆ ಹಾಸಿ, ಒಳಗಿನ ಗಲೀಜು ಕಾಣದಂತೆ ಬಾಗಿಲು ಎಳೆದುಕೊಳ್ಳುತ್ತೇವೆ. ಮನೆಯವರು ಅಡುಗೆಮನೆಗೂ ಬರುತ್ತಾರೆ, ನಮ್ಮ ಜಗಳವನ್ನೂ ನೋಡುತ್ತಾರೆ. ಭಾನುವಾರಕ್ಕೆ ಮಾತ್ರ ಚಾಪೆ ಹಾಸಿ ಕರ್ತನನ್ನು ಕೂರಿಸಿ ಕಳಿಸುವ ಅಭ್ಯಾಸ ನನಗೂ ಇದೆ. ಈ ಚರಣ ಓದಿದಾಗಲೆಲ್ಲ ಅದು ಚುಚ್ಚುತ್ತದೆ. ಬಿಟ್ಟುಹೋದ ಇನ್ನೊಂದು ಚರಣದಲ್ಲಿ ಲೈಟ್ ಒಪ್ಪಿಕೊಳ್ಳುತ್ತಾರೆ: ನಾನು ನಿನ್ನನ್ನು ಎಷ್ಟೋ ಸಲ ಬಿಟ್ಟುಹೋದೆ, ನೀನು ನನ್ನನ್ನು ಬಿಡಲಿಲ್ಲ.

ಇನ್ನು ರಾಗ. ಲೈಟ್ ತಾವೇ ಒಂದು ರಾಗ ಕಟ್ಟಿದ್ದರು, ಅದು ನಿಲ್ಲಲಿಲ್ಲ. ಇವತ್ತು ನಾವು ಹಾಡುವ ‘ಈವನ್‌ಟೈಡ್’ ವಿಲಿಯಂ ಹೆನ್ರಿ ಮಾಂಕ್ ಅವರದು, 1861ರಲ್ಲಿ ಬಂದದ್ದು. ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಮೊದಲ ಸಾಲಿನ ‘ಅಬೈಡ್ ವಿತ್ ಮಿ’ ಗ ಗ ರಿ ಸ. ಕೊನೆಯ ಸಾಲಿನ ಕೊನೆಗೆ ಅದೇ ಮಾತು ಮತ್ತೆ ಬರುತ್ತದೆ, ಆಗ ಮ ಗ ರಿ ಸ. ಎರಡು ಸಲವೂ ಇಳಿದು ಷಡ್ಜಕ್ಕೆ ಬಂದು ಸೇರುತ್ತದೆ. ನಡುವೆ ಎರಡನೇ ಸಾಲಿನಲ್ಲಿ, ಕತ್ತಲು ದಟ್ಟವಾಗುತ್ತಿದೆ ಎನ್ನುವ ಕಡೆ ಏರಿ, ಅದರ ಕೊನೆಗೆ ಪ್ರತಿಮಧ್ಯಮವನ್ನು, ಅಂದರೆ ತುಸು ಏರಿಸಿದ ಮ ಸ್ವರವನ್ನು, ಮುಟ್ಟಿ ಪಂಚಮದಲ್ಲಿ ನಿಲ್ಲುತ್ತದೆ. ಆ ಒಂದು ಸ್ವರ ಬೆರಳಿಗೆ ಸಿಕ್ಕಾಗ ಯಾರೋ ಕಿಟಕಿ ತೆರೆದಂತಾಗುತ್ತದೆ. ದುಃಖದ ರಾಗ ಎನ್ನುವವರು ತೀರ ನಿಧಾನವಾಗಿ ಎಳೆದು ಹಾಡಿದ್ದನ್ನೇ ಕೇಳಿರುತ್ತಾರೆ. ನಡಿಗೆಯ ವೇಗದಲ್ಲಿ ಹಾಡಿ ನೋಡಿ.

ಸಾವಿನ ಹತ್ತಿರ ಈ ಹಾಡು ಹೋಗಿಲ್ಲ ಎಂದು ನಾನು ಹೇಳುವುದಿಲ್ಲ. ಬ್ರಿಟಿಷ್ ನರ್ಸ್ ಎಡಿತ್ ಕ್ಯಾವೆಲ್, ಶತ್ರುವಿನ ವಶದಲ್ಲಿದ್ದ ಬೆಲ್ಜಿಯಂನಿಂದ ಸೈನಿಕರು ತಪ್ಪಿಸಿಕೊಳ್ಳಲು ನೆರವಾದದ್ದಕ್ಕೆ, 1915ರ ಅಕ್ಟೋಬರ್ 12ರ ಮುಂಜಾನೆ ಬ್ರಸೆಲ್ಸ್‌ನಲ್ಲಿ ಜರ್ಮನ್ನರ ಗುಂಡಿಗೆ ಬಲಿಯಾದರು. ಹಿಂದಿನ ರಾತ್ರಿ ಸೆರೆಮನೆಯ ಕೋಣೆಗೆ ಗಹನ್ ಎಂಬ ಪಾದ್ರಿ ಬಂದು ಕರ್ತನ ಭೋಜನ ಕೊಟ್ಟರು. ಆಮೇಲೆ ಇಬ್ಬರೂ ಸೇರಿ ಈ ಹಾಡಿನ ಸಾಲುಗಳನ್ನು ಮೆಲ್ಲಗೆ ಹೇಳಿಕೊಂಡರು. ಬೆಳಗಾದರೆ ಸಾವು ಎಂದು ಗೊತ್ತಿದ್ದವರ ಬಾಯಲ್ಲಿ, ಕಣ್ಣು ಮುಚ್ಚುವಾಗ ನಿನ್ನ ಶಿಲುಬೆಯನ್ನು ಮುಂದೆ ಹಿಡಿ, ಪರಲೋಕದ ಬೆಳಗು ಮೂಡುತ್ತಿದೆ ಎನ್ನುವ ಕೊನೆಯ ಚರಣ ಹೇಗಿದ್ದಿರಬೇಕು!

ಆದರೆ ಅದೇ ಚರಣದ ಕಟ್ಟಕಡೆಯ ಸಾಲು ‘ಬದುಕಿನಲ್ಲಿ, ಸಾವಿನಲ್ಲಿ, ಕರ್ತನೇ, ನನ್ನ ಜೊತೆ ಇರು’ ಎನ್ನುತ್ತದೆ. ಬದುಕು ಮೊದಲು ಬಂದಿದೆ. ಇನ್ನೊಂದು ಚರಣ ಶುರುವಾಗುವುದೇ, ಕಳೆಯುವ ಪ್ರತಿ ಗಳಿಗೆಯೂ ನಿನ್ನ ಸನ್ನಿಧಿ ನನಗೆ ಬೇಕು ಎಂದು. ಪ್ರತಿ ಗಳಿಗೆ ಎಂದರೆ ಸೋಮವಾರ ಬೆಳಿಗ್ಗೆ ಬಸ್ಸಿಗೆ ಓಡುವ ಗಳಿಗೆಯೂ ಸೇರಿತು. ಆರಾಮಾಗಿರುವವರ ಮುಂದೆ ಯಾಕೆ ಹಾಡುತ್ತೀರಿ ಎಂದವರಿಗೆ ನನ್ನ ಉತ್ತರ ಈ ಎರಡು ಸಾಲುಗಳಲ್ಲಿದೆ.

ದೆಹಲಿಯ ಮಾತು: ಗಾಂಧೀಜಿಗೆ ಇದು ಬಹಳ ಪ್ರಿಯವಾದ ಹಾಡು. ಜನವರಿ 29ರ ಆ ಕಾರ್ಯಕ್ರಮದ ಹೆಸರು ಬೀಟಿಂಗ್ ರಿಟ್ರೀಟ್. ಹಾಗೆಂದರೆ ಹೊತ್ತು ಮುಳುಗಿದಾಗ ಯುದ್ಧ ನಿಲ್ಲಿಸಿ ಸೈನಿಕರು ಬಿಡಾರಕ್ಕೆ ಮರಳುವ ಹಳೆಯ ಪದ್ಧತಿ. ಸಂಜೆಯ ಹಾಡಿಗೆ ಅದಕ್ಕಿಂತ ಸರಿಯಾದ ಜಾಗ ಇತ್ತೇ? 2022ರಲ್ಲಿ ಅಲ್ಲಿ ಅದನ್ನು ಕೈಬಿಟ್ಟಾಗ ನನಗೆ ನಿಜಕ್ಕೂ ನೋವಾಯಿತು.

ಕೊನೆಯ ವರ್ಷ ಅಜ್ಜಿಗೆ ಮರೆವು ಹತ್ತಿ ನಮ್ಮ ಯಾರ ಗುರುತೂ ಉಳಿದಿರಲಿಲ್ಲ. ಒಂದು ಸಂಜೆ ಅವಳ ಮಂಚದ ಪಕ್ಕ ಕೂತು ಹಾರ್ಮೋನಿಯಂನಲ್ಲಿ ಇದನ್ನು ನುಡಿಸಿ, ಪೆಟ್ಟಿಗೆ ಮುಚ್ಚಿ ಏಳುತ್ತಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು. “ಯಾರ ಮನೆಯವನಪ್ಪ ನೀನು? ಹೊತ್ತು ಮುಳುಗ್ತು. ಇವತ್ತು ಇಲ್ಲೇ ಇರು” ಎಂದಳು.

ಮತ್ತೆ ಕೂತು ಪೆಟ್ಟಿಗೆ ತೆರೆದೆ.