ಮುನ್ನೂರು ಪುಟ ಬಾಯಿಬಿಡದ ಪ್ರೀತಿ ಎಲ್ಲಿ ಸೊರಗುತ್ತದೆ

ಹಾಸನದ ಎಂಜಿನಿಯರಿಂಗ್ ಕಾಲೇಜು, ಬೇಲೂರಿಂದ ದಿನಾ ಬಸ್ಸಲ್ಲಿ ಬರುವ ಹುಡುಗಿ, ಸಕಲೇಶಪುರದ ಕಾಫಿ ತೋಟದ ಮನೆಯ ಹುಡುಗ, ನಾಲ್ಕು ವರ್ಷ ಯಾರೂ ಬಾಯಿಬಿಡದ ಪ್ರೀತಿ. ಇಂಥ ಕಾದಂಬರಿಯ ಬೆನ್ನುಡಿ ಓದಿದರೆ ಆಸೆ ಹುಟ್ಟುತ್ತದೆ, ನೂರನೇ ಪುಟದ ಹೊತ್ತಿಗೆ ಅದು ಅರ್ಧ ಇಳಿದಿರುತ್ತದೆ. ನಿಧಾನ ಆಯಿತು ಅಂತ ಓದುಗರು ದೂರುತ್ತಾರೆ, ಆದರೆ ನಿಧಾನದ್ದೇನೂ ತಪ್ಪಿಲ್ಲ. ಇಬ್ಬರೂ ಸುಮ್ಮನಿರುವುದಕ್ಕೆ ಕಥೆಯೊಳಗೆ ಕಾರಣವೇ ಇರುವುದಿಲ್ಲ. ಲೇಖಕರಿಗೆ ಮುನ್ನೂರು ಪುಟ ಬೇಕು, ಅದಕ್ಕೆ ಇವರು ಸುಮ್ಮನಿದ್ದಾರೆ, ಅಷ್ಟೇ.

ಪರೀಕ್ಷಿಸುವುದು ಸುಲಭ. ಇಬ್ಬರೂ ಎದುರಾಗುವ ಪ್ರತಿ ದೃಶ್ಯದ ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಸಂಗತಿ ಬರೆದುಕೊಳ್ಳಿ: ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಹೊಸದಾಗಿ ಏನು ಗೊತ್ತಾಯಿತು? ನಿನ್ನೆ ಹೇಳಬಹುದಾಗಿದ್ದ ಯಾವ ಮಾತನ್ನು ಇವತ್ತು ಹೇಳುವಂತಿಲ್ಲ? ಸಾಲಾಗಿ ಮೂರು ದೃಶ್ಯಕ್ಕೆ ಎರಡೂ ಖಾಲಿ ಬಂದರೆ ಅದರಲ್ಲಿ ಎರಡನ್ನು ಕಿತ್ತು ಹಾಕಿದರೂ ಕಥೆಗೆ ನಷ್ಟವಿಲ್ಲ. ಈ ಲೆಕ್ಕದಲ್ಲಿ ಮೊದಲು ಉದುರುವುದು ಕ್ಯಾಂಟೀನಿನ ದೃಶ್ಯಗಳು. ಕಣ್ಣು ಕಣ್ಣು ಕಲೆತವು, ಎದೆ ಢವಢವ ಅಂದಿತು, ಕಾಫಿ ಆರಿಹೋಯಿತು. ಒಂದು ಸಲಕ್ಕೆ ಸರಿ, ಐದನೇ ಸಲಕ್ಕೆ ಓದುಗರು ಪುಟ ಹಾರಿಸುತ್ತಾರೆ.

ತಮಾಷೆ ಅಂದರೆ, ಇಬ್ಬರನ್ನು ಸೇರಿಸುವ, ದೂರ ಇಡುವ ಏರ್ಪಾಡೆಲ್ಲ ಕಾಲೇಜಿನಲ್ಲೇ ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಲ್ಯಾಬ್ ಬ್ಯಾಚು ಸಾಮಾನ್ಯವಾಗಿ ಯುಎಸ್ಎನ್, ಅಂದರೆ ವಿದ್ಯಾರ್ಥಿಯ ನೋಂದಣಿ ನಂಬರಿನ ಕ್ರಮದಲ್ಲಿ ಆಗುತ್ತದೆ, ಯುಎಸ್ಎನ್ ಬಹುಮಟ್ಟಿಗೆ ಹೆಸರಿನ ಅಕ್ಷರಕ್ರಮದಲ್ಲಿ. ಅನನ್ಯಾಳ ಪಕ್ಕ ಅಭಿಷೇಕ್ ನಿಲ್ಲಬಹುದು, ವಿನಯ್ ನಿಲ್ಲುವುದಿಲ್ಲ. ಆದರೂ ಕಾದಂಬರಿಗಳಲ್ಲಿ ಯಾವ ವಿವರಣೆಯೂ ಇಲ್ಲದೆ ನಿಂತಿರುತ್ತಾನೆ. ಅದೇ ಹುಡುಗ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಮೂರನೇ ಸೆಮಿಸ್ಟರಿಗೆ ಬಂದವನಾದರೆ? ಅವನ ನಂಬರು 400ರ ಸರಣಿಯದು, ಹೆಸರು ಏನೇ ಇರಲಿ ಕೊನೆಯ ಬ್ಯಾಚು. ನಾಯಕಿಗೆ ಯಶಸ್ವಿನಿ ಅಂತ ಹೆಸರಿಟ್ಟರೆ ಇಬ್ಬರೂ ಒಂದೇ ಬೆಂಚಿಗೆ ಬರುತ್ತಾರೆ. ಕ್ಲಾಸಿನ ಗೆಳೆತನಗಳೆಲ್ಲ ಗಟ್ಟಿಯಾದ ಮೇಲೆ ಬಂದವನು, ಹಾಗಾಗಿ ಮಾತು ಕಮ್ಮಿ. ಲ್ಯಾಬಿನಲ್ಲಿ ಕೈ ಪಳಗಿದೆ, ಗಣಿತಕ್ಕೆ ಒದ್ದಾಡುತ್ತಾನೆ. ಅವಳದು ಉಲ್ಟಾ. ಇನ್ನು ವಾರಕ್ಕೊಂದು ರೆಕಾರ್ಡು, ವೈವಾ, ಇಂಟರ್ನಲ್ಸು, ಜೊತೆಗೆ ಶೇಕಡಾ 85 ಹಾಜರಾತಿಯ ನಿಯಮ. ಜಗಳ ಆಡಿಕೊಂಡರೂ ಮುಂದಿನ ವಾರ ಅದೇ ಟೇಬಲ್ಲಿಗೆ ಬರಲೇಬೇಕು. ಒಬ್ಬರ ಮುಖ ಒಬ್ಬರು ನೋಡಲೇಬೇಕಾದ ಇಂಥ ಜಾಗ ಸಿಕ್ಕರೆ ಆಕಸ್ಮಿಕ ಡಿಕ್ಕಿ, ಬಿದ್ದ ಪುಸ್ತಕ ಯಾವುದೂ ಬೇಕಾಗಿಲ್ಲ.

ಬಸ್ಸಿನ ವಿಷಯದಲ್ಲೂ ಎಡವುತ್ತಾರೆ. ಹಾಸನದಿಂದ ಬೇಲೂರಿನ ದಾರಿ ಬೇರೆ, ಸಕಲೇಶಪುರದ ದಾರಿ ಬೇರೆ; ಇವರಿಬ್ಬರೂ ಒಂದೇ ಬಸ್ಸಲ್ಲಿ ಕಿಟಕಿ ಪಕ್ಕ ಕೂರುವುದಕ್ಕೆ ದಾರಿಯೇ ಇಲ್ಲ, ಸಿಗುವುದಿದ್ದರೆ ನಿಲ್ದಾಣದಲ್ಲೇ. ಯಾರ ಬಸ್ಸು ಮೊದಲು ಬರುತ್ತದೋ ಅಲ್ಲಿಗೆ ಮಾತು ಕಟ್. ಬೇಕೆಂದೇ ಒಂದು ಬಸ್ಸು ಬಿಡುವುದು ಎಷ್ಟು ದೊಡ್ಡ ಘಟನೆ ಅನ್ನುವುದು ದಿನಾ ಓಡಾಡುವವರಿಗೆ ಗೊತ್ತು. ಇನ್ನೊಂದು, ಅವನು ಅವಳ ಟಿಕೆಟ್ಟಿಗೆ ದುಡ್ಡು ಕೊಡುವ ದೃಶ್ಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕಥೆ ಅದಾದ ಮೇಲಿನದಾದರೆ ಕೆಂಪು ಬಸ್ಸಲ್ಲಿ ಅವಳು ಆಧಾರ್ ತೋರಿಸಿ ಶೂನ್ಯ ದರದ ಟಿಕೆಟ್ ತಗೊಳ್ಳುತ್ತಾಳೆ.

ಕಾಲದ ಲೆಕ್ಕ ತಪ್ಪಿದರೆ ನಾಲ್ಕು ವರ್ಷ ಕಳೆಯಿತು ಅನ್ನುವುದನ್ನು ಓದುಗರು ನಂಬುವುದಿಲ್ಲ. ಕಾಫಿ ಹೂವು, ಜಡಿಮಳೆ, ಹಣ್ಣು ಕೊಯ್ಲು ಮೂರನ್ನೂ ಒಂದೇ ತಿಂಗಳಿಗೆ ತುರುಕುವವರಿದ್ದಾರೆ. ಹೂಮಳೆ ಬೀಳುವುದು ಬೇಸಿಗೆಯ ಶುರುವಿಗೆ, ಬಿದ್ದು ವಾರ-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರು-ನಾಲ್ಕು ದಿನದಲ್ಲಿ ಹೂವು ಕಂದುತ್ತದೆ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ. ಆಳು ಸಿಗದ ವರ್ಷ ಹುಡುಗ ವಾರಗಟ್ಟಲೆ ಕಾಲೇಜಿಗೆ ಚಕ್ಕರ್ ಹಾಕಿ ತೋಟದಲ್ಲಿರುತ್ತಾನೆ, ಹಾಜರಾತಿ ಕುಸಿಯುತ್ತದೆ. ಅಗಲಿಕೆಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ಬರೀ ಫೋಟೊ ತೆಗೆಯಲು ಬಳಸುವುದು ದಂಡ. ಏಪ್ರಿಲ್‌ನಲ್ಲಿ ಗೋಡೆಗಳ ನಡುವೆ ನಡೆದಾಡಿದವರು ಆಗಸ್ಟಿನಲ್ಲಿ ಬಂದರೆ ಹೇಮಾವತಿ ಹಿನ್ನೀರು ಅಲ್ಲಿಗೆ ಕಾಲಿಡಲು ಬಿಡುವುದಿಲ್ಲ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ. ನಾಲ್ಕು ವರ್ಷದ ಓದಿಗೆ ನಾಲ್ಕೇ ಸಲ. ಗಂಟೆಗಟ್ಟಲೆ ಸಾಲಿನಲ್ಲಿ ಯಾರ ಹಿಂದೆ ಯಾರು ನಿಂತರು ಅಂತ ಬರೆದರೆ ಸಾಕು, ವರ್ಷ ಉರುಳಿದ್ದು ಗೊತ್ತಾಗುತ್ತದೆ.

ಸಂಭಾಷಣೆ ಬಗ್ಗೆ ಒಂದೇ ತಕರಾರು. ಒಂದೇ ಕ್ಲಾಸಿನವರು ಇನ್ನೂರು ಪುಟ ‘ನೀವು, ತಾವು’ ಅನ್ನುವುದಿಲ್ಲ. ಎರಡನೇ ದಿನಕ್ಕೇ ‘ಲೇ, ರೆಕಾರ್ಡ್ ಕೊಡೇ’ ಶುರುವಾಗಿರುತ್ತದೆ. ಆಮೇಲೆ ಒಂದು ದಿನ ಅವನು ಇದ್ದಕ್ಕಿದ್ದಂತೆ ಪೂರ್ತಿ ಹೆಸರು ಹಿಡಿದು ಕರೆದರೆ ಅವಳು ತಲೆ ಎತ್ತುತ್ತಾಳೆ.

ಎಲ್ಲಕ್ಕಿಂತ ದೊಡ್ಡ ನಿರಾಸೆ ಕೊನೆಯಲ್ಲಿ. 260ನೇ ಪುಟದವರೆಗೂ ಸುಳಿವೇ ಇಲ್ಲದ ಜಾತಿ ಒಮ್ಮೆಗೇ ಅಪ್ಪನ ಬಾಯಲ್ಲಿ ಹೊರಬೀಳುತ್ತದೆ, ಅತ್ತೂ ಕರೆದೂ ನಲವತ್ತು ಪುಟದಲ್ಲಿ ಮುಗಿಯುತ್ತದೆ. ಈ ಕಡೆ ‘ಯಾವೂರು, ಯಾರ ಪೈಕಿ’ ಅನ್ನುವ ಪ್ರಶ್ನೆ ಮೊದಲ ವಾರವೇ ಬಂದಿರುತ್ತದೆ. ಹಾಸ್ಟೆಲಿನಲ್ಲಿ ಬಾರದಿದ್ದರೆ ಬಾಡಿಗೆ ರೂಮು ಕೇಳುವಾಗ ಮನೆ ಓನರು ಕೇಳಿರುತ್ತಾರೆ. ಇಬ್ಬರಿಗೂ ಮೊದಲೇ ಗೊತ್ತು, ಗೊತ್ತಿದ್ದೇ ಸುಮ್ಮನಿದ್ದಾರೆ. ಕಥೆಗೆ ಬೇಕಾಗಿದ್ದ ಕಾರಣ ಇಲ್ಲೇ ಇತ್ತು, ಲೇಖಕರು ಅದನ್ನು ಕ್ಲೈಮ್ಯಾಕ್ಸಿಗೆಂದು ಬಚ್ಚಿಟ್ಟರು. ಆ ಪ್ರಶ್ನೆಯನ್ನು ಎರಡನೇ ಅಧ್ಯಾಯಕ್ಕೆ ತಂದು ಅವಳ ಎದುರೇ ಅವನಿಂದ ಉತ್ತರ ಹೇಳಿಸಿದರೆ, ಮುಂದೆ ಲ್ಯಾಬಿನಲ್ಲಿ ಮಾತು ನಿಂತಾಗಲೆಲ್ಲ ಯಾಕೆ ಅಂತ ಓದುಗರಿಗೆ ಗೊತ್ತಿರುತ್ತದೆ. ಅಪ್ಪ 260ನೇ ಪುಟದಲ್ಲೇ ಕೂಗಾಡಲಿ. ಅದು ಹೊಸ ಸುದ್ದಿಯಾಗಿರುವುದಿಲ್ಲ, ಉಳಿದ ನಲವತ್ತು ಪುಟ ಇವರಿಬ್ಬರು ಏನು ಮಾಡುತ್ತಾರೆ ಅನ್ನುವುದಕ್ಕೆ ಸಿಗುತ್ತದೆ.